ಸಾಲದ ಲೆಕ್ಕವನ್ನು ಎಐ ಮುಂದೆ ಇಡುವುದು ಹೇಗೆ?

'ಮೂರು ಲಕ್ಷ ಸಾಲ ಇದೆ, ಹೇಗೆ ತೀರಿಸಲಿ?' ಅಂತ ಚಾಟ್‌ಜಿಪಿಟಿಗೋ ಜೆಮಿನಿಗೋ ಕೇಳಿ ನೋಡಿ. ಹೋಟೆಲ್ ಊಟ ಬಿಡಿ, ಎಲ್ಲ ಸಾಲ ಸೇರಿಸಿ ಒಂದೇ ದೊಡ್ಡ ಸಾಲ ಮಾಡಿ ಎಂಬಂಥ ಉತ್ತರ ಬರುತ್ತದೆ. ಸಂಘದ ಕಂತಿಗೆ ಕೈಸಾಲ, ಕೈಸಾಲದ ಬಡ್ಡಿಗೆ ಓಲೆ ಅಡವು ಅಂತ ಸುತ್ತುತ್ತಿರುವ ಮನೆಗೆ ಇದರಿಂದ ಏನು ಬಂತು? ಇಂಥ ಪ್ರಶ್ನೆ ಕೇಳಿ, ಸಿಕ್ಕ ಸಲಹೆ ನಂಬಿ ಮತ್ತೊಂದು ಸಾಲಕ್ಕೆ ಸಹಿ ಹಾಕಿದವರನ್ನು ನೋಡಿದ್ದೇನೆ. ಕೇಳುವ ಕ್ರಮ ಬೇರೆ ಇದೆ.

ಹಂತ 1. ಪಾಸ್‌ಬುಕ್, ಕಂತಿನ ಕಾರ್ಡ್, ಅಡವಿನ ರಸೀದಿ ಮುಂದಿಟ್ಟುಕೊಂಡು ಎಲ್ಲ ಸಾಲವನ್ನೂ ಹಾಳೆಯಲ್ಲಿ ಬರೆಯಿರಿ. ಮನೆಯವರೆಲ್ಲ ಜೊತೆಗೆ ಕೂರಬೇಕು. ಹೆಂಡತಿಗೆ ಗೊತ್ತಿಲ್ಲದ ಕೈಸಾಲ, ಗಂಡನಿಗೆ ಗೊತ್ತಿಲ್ಲದ ಸಂಘದ ಸಾಲ ಎರಡೂ ಹೊರಗೆ ಬರಲಿ.

ಹಂತ 2. ಫೋನಿಗೆ ಹಾಕುವಾಗ ಹೆಸರು ತೆಗೆಯಿರಿ. 'ಸಾಲ 1', 'ಸಾಲ 2' ಸಾಕು. ಆಧಾರ್, ಖಾತೆ ಸಂಖ್ಯೆ, ಬ್ಯಾಂಕಿನ ಎಸ್ಎಂಎಸ್ ಫೋಟೋ ಯಾವುದೂ ಬೇಡ.

ಹಂತ 3. ಬಡ್ಡಿ. ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ನಿಧಾನ.

ನಮ್ಮಲ್ಲಿ 'ಮೂರು ರೂಪಾಯಿ ಬಡ್ಡಿ' ಅಂದರೆ ತಿಂಗಳಿಗೆ ನೂರಕ್ಕೆ ಮೂರು, ವರ್ಷಕ್ಕೆ ಶೇ 36. ಸುಮ್ನೆ '3 ಬಡ್ಡಿ' ಅಂತ ಟೈಪ್ ಮಾಡಿದರೆ ಎಐ ಅದನ್ನು ವರ್ಷಕ್ಕೆ ಶೇ 3 ಅಂತ ಹಿಡಿದುಬಿಡಬಹುದು. 50,000 ರೂಪಾಯಿ ಕೈಸಾಲಕ್ಕೆ ತಿಂಗಳಿಗೆ 1,500 ಹೋಗುತ್ತಿದ್ದರೆ, ಅದರ ಲೆಕ್ಕದಲ್ಲಿ ವರ್ಷಕ್ಕೇ 1,500. ಆಮೇಲೆ 'ಇದು ಅಗ್ಗದ ಸಾಲ, ಕೊನೆಗೆ ತೀರಿಸಿ' ಅನ್ನುತ್ತದೆ. ಹೀಗೆ ಬರೆಯಿರಿ: 'ಸಾಲ 1. ಕೈಸಾಲ. ಅಸಲು 50,000. ಬಡ್ಡಿ ಪ್ರತಿ ತಿಂಗಳು 1,500. ಅಸಲು ಇನ್ನೂ ಕಟ್ಟಿಲ್ಲ.' ಶೇಕಡಾ ಹೇಳಲೇಬೇಡಿ. ಕೈಗೆ ಬಂದಿದ್ದೆಷ್ಟು, ಯಾವಾಗ ಎಷ್ಟು ಕಟ್ಟುತ್ತಿದ್ದೀರಿ, ಅಷ್ಟು ಹೇಳಿ.

ಇನ್ನೊಂದು 'ಫ್ಲಾಟ್' ಬಡ್ಡಿ. ಒಂದು ಲಕ್ಷಕ್ಕೆ ಶೇ 12 ಫ್ಲಾಟ್, 12 ಕಂತು ಅಂದರೆ ತಿಂಗಳಿಗೆ 9,333 ರೂಪಾಯಿ. ಅಸಲು ಕರಗುತ್ತಾ ಬಂದರೂ ಬಡ್ಡಿ ಪೂರ್ತಿ ಲಕ್ಷದ ಮೇಲೇ. ನಿಜವಾದ ದರ ಸುಮಾರು ಶೇ 21.5. ದಿನದ ಬಡ್ಡಿಯವರದ್ದು ಇನ್ನೂ ಜಾಸ್ತಿ: 10,000 ಅಂತ ಬರೆದುಕೊಂಡು 8,500 ಕೈಗೆ ಕೊಡುತ್ತಾರೆ, ದಿನಕ್ಕೆ 100ರಂತೆ 100 ದಿನ ವಸೂಲಿ. ಅದು ವರ್ಷಕ್ಕೆ ಶೇ 120ರ ಹತ್ತಿರ! ಈ ಗುಣಾಕಾರ ಎಐ ಚೆನ್ನಾಗಿ ಮಾಡುತ್ತದೆ. ಆದರೆ 'ಲೆಕ್ಕ ಬಿಡಿಸಿ ತೋರಿಸು' ಅನ್ನಿ, ಒಂದು ಸಾಲದ್ದನ್ನಾದರೂ ಕ್ಯಾಲ್ಕುಲೇಟರಿನಲ್ಲಿ ತಾಳೆ ನೋಡಿ. ತಪ್ಪು ಲೆಕ್ಕವನ್ನೂ ಅದು ಅಷ್ಟೇ ಧೈರ್ಯವಾಗಿ ಹೇಳುತ್ತದೆ.

ಬ್ಯಾಂಕ್ ಅಥವಾ ಫೈನಾನ್ಸ್ ಸಾಲ 2024ರ ಅಕ್ಟೋಬರ್ ನಂತರದ್ದಾದರೆ 'ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್' ಎಂಬ ಹಾಳೆ ಇರಬೇಕು. ಅದರಲ್ಲಿ 'ಎಪಿಆರ್' ಎಂದು ಒಟ್ಟು ದರ ಬರೆದಿರುತ್ತದೆ. ಕೊಟ್ಟಿಲ್ಲವೇ? ಕೇಳಿ ಪಡೆಯಿರಿ.

ಹಂತ 4. ಆದಾಯ ಯಾವಾಗ ಬರುತ್ತದೆ ಎಂದೂ ಹೇಳಿ. ಹೇಳದಿದ್ದರೆ ಅದು ತಿಂಗಳ ಸಂಬಳ ಅಂದುಕೊಂಡು ಯೋಜನೆ ಹಾಕುತ್ತದೆ. ಡೇರಿಯ ಹಾಲಿನ ದುಡ್ಡು, ಕೂಲಿ, ರಾಗಿಯೋ ಅಡಿಕೆಯೋ ಮಾರಿದ ಹಣ ಬೇರೆ ಬೇರೆ ಬರೆಯಿರಿ. ಶಾಲೆ ಫೀಸು, ಗೊಬ್ಬರ, ಹಬ್ಬದ ತಿಂಗಳೂ ಬರಲಿ.

ಹಂತ 5. 'ಹೊಸ ಸಾಲ ಮಾಡದೆ, ಯಾವ ಕ್ರಮದಲ್ಲಿ ತೀರಿಸಲಿ?' ಎಂದು ಕೇಳಿ. ಮೊದಲ ಮೂರು ಪದ ಬಿಡಬೇಡಿ. ಸಾಮಾನ್ಯವಾಗಿ ಎರಡು ದಾರಿ ಕೊಡುತ್ತದೆ: ಚಿಕ್ಕ ಸಾಲ ಮೊದಲು, ಅಥವಾ ಜಾಸ್ತಿ ಬಡ್ಡಿಯದ್ದು ಮೊದಲು. ಜಾಸ್ತಿ ಬಡ್ಡಿಯದ್ದನ್ನೇ ಮೊದಲು ಮುಗಿಸಿ. ಚಿಕ್ಕದು ತೀರಿತೆಂಬ ಸಮಾಧಾನಕ್ಕೆ ದುಡ್ಡು ತೆರುವುದು ನನಗೆ ಒಪ್ಪಿಗೆಯಿಲ್ಲ. ಅಡವಿಟ್ಟ ಚಿನ್ನ ಹರಾಜಿಗೆ ಬರುವಂತಿದ್ದರೆ ಮಾತ್ರ ಅದು ಮೊದಲು.

ಐದು ನಿಮಿಷದಲ್ಲಿ ಸಾಲ ಎನ್ನುವ ಆ್ಯಪ್‌ಗಳ ಒಳಗೂ ಈಗ 'ಎಐ ಸಲಹೆಗಾರ' ಇದೆ. ಅದರ ಹತ್ತಿರ ಹೋಗಲೇಬೇಡಿ. ಅಂಗಡಿಯವನನ್ನೇ 'ಸಾಮಾನು ಕೊಳ್ಳಲಾ ಬೇಡವಾ' ಅಂತ ಕೇಳಿದ ಹಾಗೆ ಅಲ್ವಾ?

ಹಂತ 6. ಕಂತಿಗೆ ಕಾಲಾವಕಾಶ ಬೇಕಿದ್ದರೆ ಮ್ಯಾನೇಜರ್‌ಗೆ ಕನ್ನಡದಲ್ಲಿ ಎಐ ಕೈಲಿ ಪತ್ರ ಬರೆಸಿಕೊಳ್ಳಿ. 'ಅರ್ಧ ಪುಟ, ಸರಳ ಕನ್ನಡ' ಅನ್ನಿ, ಇಲ್ಲದಿದ್ದರೆ ಕೋರ್ಟ್ ನೋಟಿಸ್ ಥರ ಬರುತ್ತದೆ. ಪತ್ರದಲ್ಲಿ ಅದು ಸೇರಿಸಿದ ಯೋಜನೆಯ ಹೆಸರು, ಸಹಾಯವಾಣಿ ಸಂಖ್ಯೆ ಹೊಡೆದುಹಾಕಿ. ಎರಡನ್ನೂ ಅದು ಕಟ್ಟಿ ಹೇಳಬಲ್ಲದು. ಯೋಜನೆಯ ವಿಚಾರ ಗ್ರಾಮ ಒನ್ ಕೇಂದ್ರದಲ್ಲಿ ಕೇಳಿ, ಫೋನ್ ಸಂಖ್ಯೆ ಸಾಲದ ಕಾರ್ಡಿನಿಂದಲೇ ತೆಗೆದುಕೊಳ್ಳಿ.

ಮನೆ ಬಾಗಿಲಲ್ಲಿ ಗಲಾಟೆ ಮಾಡುತ್ತಿದ್ದರೆ ಎಐ ಕೇಳುತ್ತಾ ಕೂರಬೇಡಿ, ಪೊಲೀಸ್ ಠಾಣೆಗೆ ಹೋಗಿ. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯಾಗಿ ತಂದು, ಆಮೇಲೆ ಕಾಯ್ದೆಯಾದ ಕಿರುಸಾಲ ಕಾನೂನಿನಲ್ಲಿ ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಬ್ಯಾಂಕ್, ಫೈನಾನ್ಸ್ ಕಂಪನಿ ಮಾತು ಕೇಳದಿದ್ದರೆ ರಿಸರ್ವ್ ಬ್ಯಾಂಕಿನ 14448ಕ್ಕೆ ಕರೆ ಮಾಡಿ ದೂರಿನ ದಾರಿ ತಿಳಿದುಕೊಳ್ಳಿ. ಉಚಿತ ವಕೀಲರ ಸಹಾಯಕ್ಕೆ 15100. ಹೋಗುವಾಗ ಹಂತ 1ರ ಹಾಳೆ ಜೊತೆಗಿರಲಿ.