ಆಫೀಸಿಂದ ಬಂದಿರೋ ಹಳೇ ಮಿನಿ ಪಿಸಿ ತಗೊಳ್ತಿದೀರಾ? ಒಳಗೆ ಏನಿದೆ, ಯಾವ ಓಎಸ್ ಹಾಕೋದು

ಬೆಂಗಳೂರಿನ ಎಸ್‌ಪಿ ರೋಡಲ್ಲಿ ಕಂಪನಿಗಳಿಂದ ಬಂದಿರೋ ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ ಸಿಗ್ತವೆ, ಲೆನೊವೊ ಟೈನಿ, ಡೆಲ್ ಮೈಕ್ರೋ, ಎಚ್‌ಪಿ ಮಿನಿ ಇಂಥವು. ಅಂಗಡಿಯವ್ರು "ಐ5, 8 ಜಿಬಿ, ಎಸ್‌ಎಸ್‌ಡಿ ಇದೆ ಸಾರ್" ಅಂತಾರೆ. ಬರೀ ಐ5 ಅಂದ್ರೆ ಏನೂ ಗೊತ್ತಾಗಲ್ಲ, ಅದರ ಪಕ್ಕದ ನಂಬರ್ ಕೇಳಿ. ಐ5-7500ಟಿ ಅಂದ್ರೆ 7ನೇ ಜನರೇಶನ್, 4 ಕೋರ್. ಐ5-8500ಟಿ ಅಂದ್ರೆ 8ನೇದು, 6 ಕೋರ್. ಎರಡೂ 35 ವಾಟ್ ಚಿಪ್ಪೇ, ಆದ್ರೆ ಓಎಸ್ ಯಾವ್ದು ಅನ್ನೋದು ಇಲ್ಲೇ ಅರ್ಧ ಡಿಸೈಡ್ ಆಗೋಗತ್ತೆ, ಯಾಕಂದ್ರೆ 7500ಟಿಗೆ ವಿಂಡೋಸ್ 11 ಸಪೋರ್ಟ್ ಇಲ್ಲ, ವಿಂಡೋಸ್ 10 ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗ್ದಿದೆ.

ದುಡ್ಡು ಕೊಡೋ ಮುಂಚೆ ಅಲ್ಲೇ ಆನ್ ಮಾಡ್ಸಿ ಬಯೋಸ್‌ಗೆ ಹೋಗಿ (ಓಎಸ್ ಶುರುವಾಗೋ ಮುಂಚಿನ ಸೆಟ್ಟಿಂಗ್ಸ್ ಸ್ಕ್ರೀನ್, ಲೆನೊವೊದಲ್ಲಿ ಎಫ್1 ಒತ್ತಿ). ಪಾಸ್‌ವರ್ಡ್ ಕೇಳ್ತಾ, ಬಿಟ್ಬಿಡಿ, ಹಳೇ ಕಂಪನಿಯವ್ರು ಹಾಕಿರೋ ಲಾಕ್ ಅದು, "ತೆಗ್ಸಿ ಕೊಡ್ತೀವಿ" ಅನ್ನೋ ಮಾತು ನಂಬ್ಕೊಂಡು ಮನೆಗೆ ತರ್ಬೇಡಿ. ಅಡಾಪ್ಟರ್ ಒರಿಜಿನಲ್ಲಾ ಅಂತಾನೂ ನೋಡಿ.

ಇನ್ನು ಒಳಗಡೆ. ಉದಾಹರಣೆಗೆ ಲೆನೊವೊ ಥಿಂಕ್‌ಸೆಂಟರ್ ಎಂ720ಕ್ಯೂ ತಗೊಳ್ಳಿ, ಹಿಂದೆ ಒಂದೇ ಸ್ಕ್ರೂ, ಬಿಚ್ಚಿ ಮೇಲಿನ ಕವರ್ ಮುಂದಕ್ಕೆ ಜರುಗ್ಸಿದ್ರೆ ಫ್ಯಾನ್ ಕಾಣತ್ತೆ, ಧೂಳು ಒರೆಸ್ಕೊಳ್ಳಿ. ರ‍್ಯಾಮ್ ಎಲ್ಲೂ ಕಾಣ್ತಿಲ್ವಲ್ಲಾ ಅಂತ ಹುಡುಕ್ಬೇಡಿ, ಡಬ್ಬ ತಲೆಕೆಳಗು ಮಾಡಿ, ರ‍್ಯಾಮ್ ಸ್ಲಾಟೂ ಎಸ್‌ಎಸ್‌ಡಿ ಹಾಕೋ ಎಂ.2 ಸ್ಲಾಟೂ ಕೆಳಗಡೆ ಇರ್ತವೆ. ರ‍್ಯಾಮ್ ಲ್ಯಾಪ್‌ಟಾಪ್‌ಗೆ ಹಾಕೋ ಡಿಡಿಆರ್4ನೇ, ಡೆಸ್ಕ್‌ಟಾಪಿಂದು ಕೂರಲ್ಲ. 16 ಜಿಬಿದು ಒಂದು ಹಾಕೋ ಬದ್ಲು 8ರದ್ದು ಎರಡು ಹಾಕಿ, ಇದ್ರಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇರಲ್ಲ, ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಇದೇ ರ‍್ಯಾಮ್ ತಿನ್ನತ್ತೆ, ಎರಡು ಚಾನೆಲ್ (ಡೇಟಾ ಒಟ್ಟಿಗೆ ಓಡಾಡೋಕೆ ಎರಡು ದಾರಿ) ಸಿಕ್ರೆ ಅದಕ್ಕೆ ಒಳ್ಳೇದು. ಎಸ್‌ಎಸ್‌ಡಿ ಎನ್‌ವಿಎಂಇ (ಎಂ.2 ಸ್ಲಾಟಲ್ಲಿ ಕೂರೋ ವೇಗದ ಥರದ್ದು) ತಗೊಳ್ಳಿ. ಮೇಲಿನ ಕವರ್ ಒಳಗೆ 2.5 ಇಂಚಿನ ಸಾಟಾ ಡ್ರೈವ್‌ಗೂ (ಲ್ಯಾಪ್‌ಟಾಪ್ ಸೈಜಿನ ಡ್ರೈವ್) ಜಾಗ ಇದೆ, ಫೋಟೋ ಬ್ಯಾಕಪ್‌ಗೆ ಸಾಕು.

ಓಎಸ್ ವಿಷಯಕ್ಕೆ ಬಂದ್ರೆ, 8500ಟಿ ಇದ್ದು ಮನೇಲಿ ಟ್ಯಾಲಿ ಅಥವಾ ಮಕ್ಕಳ ಸ್ಕೂಲಿನ ವಿಂಡೋಸ್ ಸಾಫ್ಟ್‌ವೇರ್ ಬೇಕು ಅಂದ್ರೆ ಸುಮ್ನೆ ವಿಂಡೋಸ್ 11 ಹಾಕಿ. 7500ಟಿಗೆ ಅಡ್ಡದಾರೀಲಿ 11 ಹಾಕೋರೂ ಇದಾರೆ, ನನ್ ಪ್ರಕಾರ ಬೇಡ, ಫ್ರೀಯಾಗಿ ಸಿಗೋ ಲಿನಕ್ಸ್ ಮಿಂಟ್ ಓಎಸ್ ಹಾಕಿ, ಬ್ರೌಸಿಂಗು, ಯೂಟ್ಯೂಬು, ಲಿಬ್ರೆ ಆಫೀಸು ಎಲ್ಲಾ ಆರಾಮಾಗಿ ಓಡತ್ತೆ. ಮನೆ ಸರ್ವರ್ ಥರ ದಿನವಿಡೀ ಆನ್ ಇಡೋದಾದ್ರೆ ಡೆಬಿಯನ್ (ಇದೂ ಒಂದು ಲಿನಕ್ಸೇ) ಹಾಕಿ, ಬಯೋಸ್‌ನಲ್ಲಿ "ಆಫ್ಟರ್ ಪವರ್ ಲಾಸ್" ಅನ್ನೋದನ್ನ ಪವರ್ ಆನ್‌ಗೆ ಇಡಿ, ಕರೆಂಟ್ ಹೋಗಿ ಬಂದಾಗ ತಾನೇ ಎದ್ದು ಕೂರತ್ತೆ.

ಕನ್ನಡ ಟೈಪಿಂಗ್‌ಗೆ ಭಯ ಬೇಡ, ಲಿನಕ್ಸ್‌ನ ಕೀಬೋರ್ಡ್ ಲೇಔಟ್ ಪಟ್ಟೀಲಿ ಕಗಪ ಇದೆ. ಹಳೇ ನುಡಿ ಫಾಂಟಲ್ಲಿ, ಯೂನಿಕೋಡ್ ಅಲ್ದೇ ಮಾಡಿರೋ ವರ್ಡ್ ಫೈಲ್‌ಗಳು ರಾಶಿ ಇದ್ರೆ ಮಾತ್ರ ವಿಂಡೋಸ್ ಅಳ್ಸೋ ಮುಂಚೆ ಮಿಂಟನ್ನ ಪೆನ್‌ಡ್ರೈವಿಂದ ಲೈವ್ ಬೂಟ್ ಮಾಡಿ (ಇನ್‌ಸ್ಟಾಲ್ ಮಾಡ್ದೇ ಓಡ್ಸೋದು), ಲೆನೊವೊದಲ್ಲಿ ಎಫ್12 ಒತ್ತಿದ್ರೆ ಬೂಟ್ ಮೆನು ಬರತ್ತೆ, ಅಂಥ ಒಂದು ಫೈಲ್ ತೆಗ್ದು ಅಕ್ಷರ ಸರಿ ಬರ್ತಿದ್ಯಾ ನೋಡ್ಕೊಂಡು ಆಮೇಲೆ ಇನ್‌ಸ್ಟಾಲ್ ಒತ್ತಿ.