ಬೀಗ ಹಾಕಿದ ಊರಿನ ಮನೆಗೆ ನೆಂಟರು ಬರುವ ಮೊದಲು: ಪಂಪ್, ಟ್ಯಾಂಕ್, ನಲ್ಲಿಗಳ ತಯಾರಿ

ದುಬೈ, ಮಸ್ಕತ್, ದೋಹಾ ಕಡೆ ಹೊಸದಾಗಿ ಬಂದ ಮಂಗಳೂರು, ಉಡುಪಿಯ ಕುಟುಂಬಗಳು ಡಿಸೆಂಬರ್ ರಜೆಗೆ ಟಿಕೆಟ್ ಬೇಗನೆ ಮಾಡಿಸುತ್ತವೆ. ಊರಲ್ಲಿ ಬೀಗ ಹಾಕಿಟ್ಟ ಮನೆಯ ನೀರಿನ ವಿಷಯ ಮಾತ್ರ ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿದ ಮೇಲೆ ನೆನಪಾಗುತ್ತದೆ. ಅಷ್ಟು ಹೊತ್ತಿಗೆ ಅತ್ತೆ, ಮಾವ, ಮುಂಬೈಯಿಂದ ಬಂದ ದೊಡ್ಡಪ್ಪನ ಸಂಸಾರ ಎಲ್ಲ ಸೇರಿ ಮನೆಯಲ್ಲಿ ಹತ್ತು ಜನ ಆಗಿರುತ್ತಾರೆ. ಬಳಸದೆ ಇಟ್ಟದ್ದು ಕೆಡುವುದಿಲ್ಲ ಎಂಬ ಲೆಕ್ಕ ಪಾತ್ರೆಗೆ ಸರಿ, ನಲ್ಲಿಗೆ ಸರಿಯಲ್ಲ. ರಬ್ಬರ್ ವಾಷರ್, ಪಂಪಿನ ಸೀಲ್, ಬಚ್ಚಲಿನ ನಹಾನಿ ಟ್ರ್ಯಾಪ್ (ನೆಲದ ಜಾಲರಿಯ ಕೆಳಗೆ ನೀರು ನಿಲ್ಲುವ ಬಟ್ಟಲು) ಇವೆಲ್ಲ ಒದ್ದೆಯಾಗಿರುವಷ್ಟು ದಿನ ಮಾತ್ರ ಕೆಲಸ ಮಾಡುತ್ತವೆ. ಮನೆ ಕೆಡುವುದು ನೀರಾಡದೆ ಒಣಗಿದ್ದರಿಂದ.

ಹಾಗಾಗಿ ನೀವು ಬರುವ 15 ದಿನ ಮೊದಲೇ, ಕೀ ಇಟ್ಟುಕೊಂಡ ನೆರೆಮನೆಯವರಿಂದಲೋ ತಮ್ಮನಿಂದಲೋ ಮನೆ ತೆರೆಸಿ ನೀರು ಹರಿಸಿ. ಮೊದಲ ದಿನ ಸೋರಿದ ವಾಷರ್ ಎರಡು ದಿನ ನೆನೆದ ಮೇಲೆ ತಾನಾಗಿ ಕೂರುವುದುಂಟು. ಕೂರದಿದ್ದರೆ ಬದಲಿಸಲು ಸಮಯ ಬೇಕು. ಕ್ರಿಸ್‌ಮಸ್ ವಾರದಲ್ಲಿ ಪ್ಲಂಬರ್ ಕೈಗೆ ಸಿಗುವುದು ಕಷ್ಟ. ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಕೃಷ್ಣ ಮಠದ ಪರ್ಯಾಯ ಬಂದಾಗ ಇನ್ನೂ ಕಷ್ಟ. ಕೆಲಸದ ಕ್ರಮ ನೀರು ಸಾಗುವ ದಾರಿಯಂತೆಯೇ ಇರಲಿ. ಮೊದಲು ಬಾವಿ ಮತ್ತು ಪಂಪ್, ಆಮೇಲೆ ಟ್ಯಾಂಕ್, ಆಮೇಲೆ ನಲ್ಲಿಗಳು, ಕೊನೆಗೆ ಹೊರಹೋಗುವ ಪೈಪ್.

ಬಾವಿಗೆ ಮೊನೊಬ್ಲಾಕ್ ಪಂಪ್ (ಮೋಟರು, ಪಂಪು ಒಂದೇ ತುಂಡಾಗಿರುವಂಥದ್ದು) ಇದ್ದರೆ ತಟ್ಟನೆ ಸ್ವಿಚ್ ಹಾಕಿಸಬೇಡಿ. ಮಳೆಗಾಲವಿಡೀ ನಿಂತ ಪಂಪಿನೊಳಗೆ ತುಕ್ಕು ಹಿಡಿದು ನೀರು ತಳ್ಳುವ ಚಕ್ರ, ಅಂದರೆ ಇಂಪೆಲ್ಲರ್, ಅಂಟಿಕೊಂಡಿರುತ್ತದೆ. ಸ್ವಿಚ್ ಹಾಕಿದಾಗ ಗುಂಯ್ ಎಂದು ಸದ್ದು ಬಂದು ತಿರುಗದಿದ್ದರೆ ಕೆಲವೇ ಸೆಕೆಂಡಿನಲ್ಲಿ ಆಫ್ ಮಾಡಬೇಕು, ಇಲ್ಲವಾದರೆ ಮೋಟರಿನ ತಂತಿ ಸುರುಳಿ (ವೈಂಡಿಂಗ್) ಸುಡುತ್ತದೆ. ಮೊದಲೇ ಎಂಸಿಬಿ (ಬೋರ್ಡಿನಲ್ಲಿ ಕರೆಂಟ್ ಕಡಿಯುವ ಸ್ವಿಚ್) ಇಳಿಸಿ, ಹಿಂದಿನ ಫ್ಯಾನ್ ಕವರ್ ತೆಗೆದು, ಶಾಫ್ಟನ್ನು ಕೈಯಿಂದ ನಾಲ್ಕಾರು ಸುತ್ತು ತಿರುಗಿಸಿ ನೋಡುವುದು ಒಳ್ಳೆಯದು. ಸರಾಗವಾಗಿ ತಿರುಗಿಯೂ ಓಡದಿದ್ದರೆ ಹೆಚ್ಚಾಗಿ ಕೆಪಾಸಿಟರ್ ಹೋಗಿರುತ್ತದೆ, ಅದು ಸಣ್ಣ ಖರ್ಚು. ಬಳಿಕ ಪಂಪಿಗೆ ನೀರು ಹೊಯ್ದು ತುಂಬಿಸಿ. ಹೊಯ್ದ ನೀರು ನಿಲ್ಲದೆ ಇಳಿಯುತ್ತಲೇ ಇದ್ದರೆ ಬಾವಿಯೊಳಗಿನ ಪೈಪಿನ ತುದಿಯಲ್ಲಿ ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ಫುಟ್‌ವಾಲ್ವಿನಲ್ಲಿ ಎಲೆಯೋ ತೆಂಗಿನ ನಾರೋ ಸಿಕ್ಕಿಕೊಂಡಿದೆ ಎಂದರ್ಥ. ಅದನ್ನು ಮೇಲೆತ್ತಿ ತೊಳೆಯದೆ ಪಂಪ್ ನೀರು ಎಳೆಯದು. ಬಾವಿಯ ತಳದಿಂದ ಕನಿಷ್ಠ ಒಂದಡಿ ಮೇಲೆ ಫುಟ್‌ವಾಲ್ವ್ ಇರಲಿ, ಇಲ್ಲದಿದ್ದರೆ ಕೆಸರು ಬರುತ್ತದೆ. ಬೋರಿನ, ನೀರಿನೊಳಗೇ ಇರುವ ಸಬ್‌ಮರ್ಸಿಬಲ್ ಪಂಪಿಗೆ ನೀರು ಹೊಯ್ದು ತುಂಬಿಸುವ ತಾಪತ್ರಯವಿಲ್ಲ.

ಟ್ಯಾಂಕಿನ ಲೆಕ್ಕಕ್ಕೆ ಬರೋಣ. ನಗರದ ಮನೆಯಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ನಮ್ಮ ದೇಶದ ಸಾಮಾನ್ಯ ಮಾನದಂಡ. ಹತ್ತು ಜನರಿಗೆ 1,350 ಲೀಟರ್. ನಿಮ್ಮದು 1,000 ಲೀಟರಿನ ಟ್ಯಾಂಕಾದರೆ ದಿನಕ್ಕೆ ಎರಡು ಸಲ ನೀರು ಏರಿಸಲೇಬೇಕು: ರಾತ್ರಿ ಮಲಗುವ ಮುಂಚೆ ಒಮ್ಮೆ, ಬೆಳಗಿನ ಸ್ನಾನ ಮುಗಿದ ಮೇಲೆ ಒಮ್ಮೆ. ಟ್ಯಾಂಕ್ ತುಂಬಲು ಪಂಪಿಗೆ ಎಷ್ಟು ನಿಮಿಷ ಬೇಕು ಎಂದು ಅಳೆದು ಸ್ವಿಚ್‌ಬೋರ್ಡಿನ ಪಕ್ಕ ಬರೆದಿಡಿ. ಡಿಸೆಂಬರಿನಲ್ಲಿ ನೀರಿಗೆ ಬರವಿಲ್ಲ. ಏಪ್ರಿಲ್, ಮೇ ರಜೆಯಲ್ಲಿ ಬರುವವರ ಸ್ಥಿತಿ ಬೇರೆ. ಮಂಗಳೂರಿಗೆ ನೇತ್ರಾವತಿಯ ತುಂಬೆ ಕಿಂಡಿ ಅಣೆಕಟ್ಟು, ಉಡುಪಿಗೆ ಸ್ವರ್ಣಾ ನದಿಯ ಬಜೆ ಅಣೆಕಟ್ಟು ಆಧಾರ. ಅಲ್ಲಿ ನೀರಿನ ಮಟ್ಟ ಇಳಿದ ವರ್ಷ ನಲ್ಲಿ ನೀರು ದಿನ ಬಿಟ್ಟು ದಿನಕ್ಕೆ ಇಳಿಯುತ್ತದೆ. ಆ ಕಾಲಕ್ಕೆ ಇನ್ನೊಂದು 500 ಲೀಟರ್ ಟ್ಯಾಂಕ್ ಕೆಳಗೆ ಇಟ್ಟುಕೊಳ್ಳುವುದೇ ಕ್ಷೇಮ.

ಟ್ಯಾಂಕ್ ತೊಳೆಯುವುದನ್ನು ಅವಸರದಲ್ಲಿ ಮಾಡಿಸಬೇಡಿ. ಬ್ರಷ್ಷಿನಿಂದ ಪಾಚಿ, ತಳದ ಕೆಸರು ತೆಗೆದು, ಸೋಪು ಹಾಕದೆ ತೊಳೆದು, ಟ್ಯಾಂಕ್ ತುಂಬಿಸಿ. 1,000 ಲೀಟರಿಗೆ 150ರಿಂದ 200 ಗ್ರಾಂ ಬ್ಲೀಚಿಂಗ್ ಪುಡಿಯನ್ನು ಒಂದು ಬಕೆಟ್ ನೀರಿನಲ್ಲಿ ಕಲಸಿ, ಕಾಲು ಗಂಟೆ ಬಿಟ್ಟು, ಸುಣ್ಣ ತಳ ಸೇರಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಟ್ಯಾಂಕಿಗೆ ಸುರಿಯಬೇಕು. ಪ್ರತಿ ನಲ್ಲಿಯಲ್ಲೂ ಕ್ಲೋರಿನ್ ವಾಸನೆ ಬರುವವರೆಗೆ ನೀರು ಬಿಟ್ಟು ಮುಚ್ಚಿ, ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಎಲ್ಲವನ್ನೂ ಅಂಗಳದ ಚರಂಡಿಗೆ ಖಾಲಿ ಮಾಡಿ. ಇದು ಸೆಪ್ಟಿಕ್ ಟ್ಯಾಂಕಿಗೆ ಹೋಗಬಾರದು, ಅಲ್ಲಿ ಕೊಳೆಯಿಸುವ ಬ್ಯಾಕ್ಟೀರಿಯಾ ಸಾಯುತ್ತವೆ. ಆರ್‌ಒ ಫಿಲ್ಟರ್ ಇದ್ದರೆ ಅದರ ನಲ್ಲಿಯನ್ನು ಮೊದಲೇ ಮುಚ್ಚಿ. ಕ್ಲೋರಿನ್ ಅದರ ಪೊರೆಯನ್ನು ಕೆಡಿಸುತ್ತದೆ.

ಕುಡಿಯುವ ಬಾವಿಗೆ ಹಾಕುವ ಅಳತೆಯೇ ಬೇರೆ, ಇವೆರಡನ್ನು ಅದಲುಬದಲು ಮಾಡಿಕೊಳ್ಳಬೇಡಿ. 1,000 ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಸಾಕು. ಬಾವಿಯ ಅಗಲ 2 ಮೀಟರ್, ನೀರಿನ ಆಳ 4 ಮೀಟರ್ ಇದ್ದರೆ ನೀರು ಸುಮಾರು 12,500 ಲೀಟರ್, ಪುಡಿ ಸುಮಾರು 31 ಗ್ರಾಂ. ಹಾಕಿದ ಮೇಲೆ ಕನಿಷ್ಠ ಒಂದು ಗಂಟೆ ನೀರು ಸೇದಬಾರದು. ಸೊಳ್ಳೆ ಮರಿ ತಿನ್ನಲಿ ಎಂದು ಬಾವಿಗೆ ಮೀನು ಬಿಟ್ಟಿದ್ದರೆ ಕ್ಲೋರಿನ್ ಅವಕ್ಕೆ ವಿಷ. ಅಂಥಲ್ಲಿ ಬಾವಿಗೆ ಏನೂ ಹಾಕದೆ ಕುಡಿಯುವ ನೀರನ್ನು ಕುದಿಸಿ ಕೊಡಿ.

ಈಗ ಮನೆಯೊಳಗೆ. ಟ್ಯಾಂಕಿನಿಂದ ಇಳಿಯುವ ಪೈಪಿನ ಗೇಟ್‌ವಾಲ್ವನ್ನು ಅರ್ಧದಷ್ಟು ಮಾತ್ರ ತೆರೆದು, ಎಲ್ಲ ನಲ್ಲಿಗಳನ್ನೂ ಬಿಟ್ಟಿಟ್ಟು, ನಿಧಾನವಾಗಿ ನೀರು ತುಂಬಿಸಿ. ಪೈಪಿನೊಳಗಿನ ಗಾಳಿ ಹೊರಗೆ ಹೋಗಲು ದಾರಿ ಬೇಕು. ಒಮ್ಮೆಲೇ ಬಿಟ್ಟರೆ ಗಾಳಿ ನಡುವೆ ಸಿಕ್ಕಿಕೊಂಡು (ಏರ್‌ಲಾಕ್) ಒಂದು ಬಚ್ಚಲಿಗೆ ನೀರೇ ಬರುವುದಿಲ್ಲ. ಕರಾವಳಿಯ ಮುರಕಲ್ಲಿನ ನೆಲದ ಬಾವಿ ನೀರು ಮೃದು, ಸ್ವಲ್ಪ ಹುಳಿ ಗುಣದ್ದು. ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪನ್ನು ಅದು ಒಳಗಿಂದ ತಿನ್ನುತ್ತದೆ. ಆದ್ದರಿಂದ ಮೊದಲಿಗೆ ಕೆಂಪು ನೀರು ಬಂದರೆ ಗಾಬರಿ ಬೇಡ, ತಿಳಿಯಾಗುವವರೆಗೆ ಹರಿಸಿ. ಮೂರು ದಿನವಾದರೂ ಬೆಳಗಿನ ಮೊದಲ ಬಕೆಟ್ ಕೆಂಪಾಗಿಯೇ ಇದ್ದರೆ ಪೈಪ್ ಬದಲಿಸುವ ಕಾಲ ಬಂದಿದೆ. ಶವರ್ ಮತ್ತು ನಲ್ಲಿಯ ತುದಿಯ ಜಾಲರಿಗಳನ್ನು ಬಿಚ್ಚಿ ತೊಳೆದ ಮೇಲೆಯೇ ಹಾಕಿ. ಹರಿಸಿದ ತುಕ್ಕೆಲ್ಲ ಅಲ್ಲಿಗೇ ಬಂದು ಸೇರುತ್ತದೆ.

ಗೀಸರಿನಲ್ಲಿ ಒಂದೇ ನಿಯಮ: ಬಿಸಿ ನೀರಿನ ನಲ್ಲಿಯಲ್ಲಿ ಗಾಳಿ ಉಗುಳದೆ ಒಂದೇ ಸಮ ನೀರು ಬರುವವರೆಗೆ ಸ್ವಿಚ್ ಮುಟ್ಟಬಾರದು. ಖಾಲಿ ಗೀಸರಿಗೆ ಕರೆಂಟ್ ಕೊಟ್ಟರೆ ಕಾಯಿಲ್ ಸುಡುತ್ತದೆ. ತಿಂಗಳುಗಟ್ಟಲೆ ನಿಂತ ನೀರಿನಲ್ಲಿ ರೋಗಾಣು ಬೆಳೆದಿರಬಹುದು, ವಯಸ್ಸಾದವರಿಗೆ ಅದು ಅಪಾಯ. ಆದ್ದರಿಂದ ಹಳೆಯ ನೀರು ಪೂರ್ತಿ ಹೋಗಲಿ, ಮೊದಲ ಬಾರಿ 60 ಡಿಗ್ರಿಗೆ ಕಾಯಿಸಿ. 15 ಲೀಟರಿನ, 2 ಕಿಲೋವಾಟಿನ ಗೀಸರ್ ಸುಮಾರು 20 ನಿಮಿಷದಲ್ಲಿ 60 ಡಿಗ್ರಿಗೆ ಏರುತ್ತದೆ. ತಣ್ಣೀರು ಬೆರೆಸಿದರೆ ಎರಡು ಬಕೆಟ್ ಸ್ನಾನದ ನೀರು. ಬೆಳಿಗ್ಗೆ ಯಾರು ಯಾವಾಗ ಸ್ನಾನ ಮಾಡುವುದು ಎಂಬುದನ್ನು ಈ 20 ನಿಮಿಷ ನೋಡಿಕೊಂಡು ಹೇಳಿ. ಬಚ್ಚಲಿನಲ್ಲಿ ಹಂಡೆ ಇರುವ ಮನೆಯವರು ಅದನ್ನು ಬಿಟ್ಟುಬಿಡಬೇಡಿ, ಹತ್ತು ಜನರಿಗೆ ಅದಕ್ಕಿಂತ ಅನುಕೂಲ ಬೇರೆ ಇಲ್ಲ. ಗಾಜಿನ ಕೊಳವೆಯ ಸೋಲಾರ್ ಖಾಲಿಯಾಗಿದ್ದರೆ ಬೆಳಿಗ್ಗೆ ಸೂರ್ಯ ಏರುವ ಮೊದಲೇ ನೀರು ತುಂಬಿಸಿ. ಮಧ್ಯಾಹ್ನ ಕಾದ ಕೊಳವೆಗೆ ತಣ್ಣೀರು ಬಿದ್ದರೆ ಗಾಜು ಒಡೆಯುತ್ತದೆ.

ನೀರು ಗೊತ್ತಾಗದೆ ಖಾಲಿಯಾಗುವುದು ಎರಡೇ ಕಡೆ. ಒಂದು, ಫ್ಲಷ್ ಟ್ಯಾಂಕಿನ ತಳದ ವಾಷರ್. ಟ್ಯಾಂಕಿಗೆ ಬೀಟ್‌ರೂಟ್ ಹಿಂಡಿದ ನೀರು ಹಾಕಿ 20 ನಿಮಿಷ ಬಿಡಿ, ಕಮೋಡಿನಲ್ಲಿ ಬಣ್ಣ ಕಂಡರೆ ವಾಷರ್ ಬದಲಿಸಿ. ಇನ್ನೊಂದು ಕಮೋಡಿನ ಪಕ್ಕದ ಕೈ ಸ್ಪ್ರೇ, ಅಂದರೆ ಹೆಲ್ತ್ ಫಾಸೆಟ್. ಅದರ ಮೆದು ಪೈಪ್ ಹಗಲು ರಾತ್ರಿ ಒತ್ತಡ ತಾಳುವಂಥದ್ದಲ್ಲ. ಅದಕ್ಕೆ ನೀರು ಬಿಡುವ ಗೋಡೆಯ ಸಣ್ಣ ನಲ್ಲಿ (ಆ್ಯಂಗಲ್ ಕಾಕ್) ಮುಚ್ಚದೆ ಬಿಟ್ಟರೆ ನಡುರಾತ್ರಿ ಒಡೆದು ಟ್ಯಾಂಕೇ ಖಾಲಿ. ಪರದೇಶದಿಂದ ಬಂದ ಮಕ್ಕಳಿಗೆ ಇದನ್ನು ಮೊದಲ ದಿನವೇ ತೋರಿಸಿಕೊಡಿ. ಎರಡೂ ಸರಿಯಿವೆಯೇ ಎಂದು ತಿಳಿಯಲು ಮನೆಯ ಮೇಲಿನ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ, ಎಲ್ಲ ನಲ್ಲಿ ಮುಚ್ಚಿ, ಎಂಟು ಗಂಟೆ ಬಿಟ್ಟು ನೋಡಿ. 1.1 ಮೀಟರ್ ಅಗಲದ ಟ್ಯಾಂಕಿನಲ್ಲಿ ಒಂದು ಸೆಂಟಿಮೀಟರ್ ಇಳಿದರೆ ಒಂಬತ್ತೂವರೆ ಲೀಟರ್ ಹೋಯಿತು ಎಂದರ್ಥ.

ಮನೆ ತೆರೆದಾಗ ಬರುವ ಕೊಳಕು ವಾಸನೆಗೆ ಫಿನಾಯಿಲ್ ಸುರಿಯುವವರೇ ಹೆಚ್ಚು. ನಹಾನಿ ಟ್ರ್ಯಾಪಿನಲ್ಲಿ ನಿಂತಿರಬೇಕಾದ ಎರಡು ಇಂಚು ನೀರು ಆರಿಹೋಗಿ ಚರಂಡಿಯ ಗಾಳಿ, ಜಿರಳೆ ಒಳಗೆ ಬಂದಿರುವುದೇ ಕಾರಣ. ಪ್ರತಿಯೊಂದಕ್ಕೂ ಒಂದು ಬಕೆಟ್ ನೀರು ಹೊಯ್ದರೆ ಆಯಿತು. ಅಡುಗೆಮನೆಯ ಸಿಂಕಿನ ಸಮಸ್ಯೆ ಬೇರೆ. ತೆಂಗಿನೆಣ್ಣೆ 24 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರಿನ ರಾತ್ರಿಗೆ ಅಷ್ಟು ತಂಪು ಇರುತ್ತದೆ. ಮೀನಿನ ಪೊರೆ, ಕಾಯಿತುರಿ, ಕುಚ್ಚಲಕ್ಕಿ ಗಂಜಿಯ ಅಂಟು ಆ ಎಣ್ಣೆಗೆ ಹಿಡಿದು ಬೆಳಿಗ್ಗೆ ಸಿಂಕ್ ಕಟ್ಟುತ್ತದೆ. ಕುದಿಯುವ ನೀರು ಸುರಿಯಬೇಡಿ, ಪಿವಿಸಿ ಪೈಪ್ 60 ಡಿಗ್ರಿಯ ಮೇಲೆ ಮೆತ್ತಗಾಗಿ ಜೋಡಣೆ ಬಿಡುತ್ತದೆ. ಕೈ ತಾಳುವಷ್ಟು ಬಿಸಿಯ ನೀರನ್ನು ರಾತ್ರಿ ಪಾತ್ರೆ ತೊಳೆದ ಮೇಲೆ ಒಂದು ಬಕೆಟ್ ಹರಿಸಿ. ಮೀನನ್ನು ಹೊರಗಿನ ಕಲ್ಲಿನ ಮೇಲೆ ತೊಳೆಯುವ ಹಳೆಯ ಪದ್ಧತಿಯನ್ನೇ ಉಳಿಸಿಕೊಳ್ಳಿ.

ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡಿಸಿ ಮೂರು ವರ್ಷ ದಾಟಿದ್ದರೆ ನೆಂಟರು ಬರುವ ಮೊದಲೇ ಸಕ್ಕಿಂಗ್ ಗಾಡಿ ಕರೆಸಿ. ಒಳಗೆ ಯಾರನ್ನೂ ಇಳಿಸಬೇಡಿ. ಅಲ್ಲಿನ ವಿಷಗಾಳಿ ನಿಮಿಷದಲ್ಲಿ ಜೀವ ತೆಗೆಯುತ್ತದೆ, ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ರಕ್ಷಣಾ ಸಾಧನವಿಲ್ಲದೆ ಹಾಗೆ ಇಳಿಸುವುದು ಅಪರಾಧವೂ ಹೌದು.

ಒಂದು ಡಬ್ಬಿಯಲ್ಲಿ ಇವನ್ನು ತಂದಿಡಿ: ಟೆಫ್ಲಾನ್ ಟೇಪ್ ನಾಲ್ಕು ಸುರುಳಿ, ಅರ್ಧ ಇಂಚಿನ ಕನೆಕ್ಷನ್ ಪೈಪ್ ಎರಡು, ಆ್ಯಂಗಲ್ ಕಾಕ್ ಒಂದು, ಫ್ಲಷ್ ವಾಷರ್ ಎರಡು, ಹೆಲ್ತ್ ಫಾಸೆಟಿನ ಪೈಪ್ ಒಂದು, ಅರ್ಧ ಮತ್ತು ಮುಕ್ಕಾಲು ಇಂಚಿನ ಎಂಡ್ ಕ್ಯಾಪ್, ಒಂದು ರಬ್ಬರ್ ಪ್ಲಂಜರ್. ಟೇಪನ್ನು ಪೈಪಿನ ತಿರುಪಿನ ತುದಿಯಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿಗೆ ಹತ್ತು ಸುತ್ತು ಎಳೆದು ಸುತ್ತಬೇಕು. ತಿರುಗುಮುರುಗಾದರೆ ಬಿಗಿ ಮಾಡುವಾಗ ಬಿಚ್ಚಿಕೊಳ್ಳುತ್ತದೆ.

ರಜೆ ಮುಗಿಸಿ ಹೊರಡುವ ದಿನ ಪ್ರತಿ ನಹಾನಿ ಟ್ರ್ಯಾಪಿಗೂ ನೀರು ತುಂಬಿ, ಮೇಲೆ ಎರಡು ಚಮಚ ಅಡುಗೆ ಎಣ್ಣೆ ಹಾಕಿ. ಎಣ್ಣೆಯ ಪದರದ ಕೆಳಗಿನ ನೀರು ಬೇಗ ಆರದು. ಗೀಸರಿನ ಎಂಸಿಬಿ ಇಳಿಸಿ, ಟ್ಯಾಂಕಿನ ಗೇಟ್‌ವಾಲ್ವ್ ಮುಚ್ಚಿ. ಕೀ ಕೊಟ್ಟ ಮನೆಯವರಿಗೆ ತಿಂಗಳಿಗೊಮ್ಮೆ ಪಂಪನ್ನು ಎರಡು ನಿಮಿಷ ಓಡಿಸಲು ಹೇಳಿ, ಸ್ವಿಚ್ ಯಾವುದು ಎಂಬುದನ್ನು ನಿಂತು ತೋರಿಸಿಯೇ ಹೊರಡಿ.