ಗಾಲ್ಫ್ ಸ್ವಿಂಗ್ ಅಳೆಯಲು ಯಾವ ರಾಡಾರ್ ತಗೊಳ್ಳಬೇಕು?

ನಮ್ಮ ಕಾಸರಗೋಡಿನಲ್ಲಿ ಗಲ್ಫ್ ಗೊತ್ತಿಲ್ಲದ ಮನೆ ಇಲ್ಲ, ಗಾಲ್ಫ್ ಗೊತ್ತಿರುವ ಮನೆಯನ್ನು ಮಾತ್ರ ಹುಡುಕಬೇಕು. ದುಬೈಯಿಂದ ಬಂದ ಭಾವ ಈ ಸಲ ಒಂದು ಚೀಲ ಗಾಲ್ಫ್ ಕೋಲು ತಂದಿದ್ದಾರೆ. ಬದಿಯಡ್ಕದ ಮನೆಯ ಅಡಿಕೆ ಅಂಗಳದಲ್ಲಿ ಬಲೆ ಕಟ್ಟಿ ದಿನಾ ಬೀಸುತ್ತಾರೆ. "ಎಷ್ಟು ಸ್ಪೀಡ್ ಉಂಟು ಅಂತ ನೋಡ್ಲಿಕ್ಕೆ ಆಗ್ತದಾ ಮಾರಾಯ?" ಎಂದು ಕೇಳಿದರು. ನನ್ನ ಗ್ರಹಚಾರ ಅಲ್ಲಿಂದ ಶುರು.

ಮೊದಲು ಬೇಡದ್ದನ್ನು ಬದಿಗಿಡಿ. ರಾಡಾರ್ ಅಂತ ಹುಡುಕಿದರೆ ಅಗ್ಗಕ್ಕೆ ಕಾಣುವ ಆರ್‌ಸಿಡಬ್ಲ್ಯೂಎಲ್-0516, ಎಲ್‌ಡಿ2410 ಎಲ್ಲ ಜನ ಬಂದಾಗ ದೀಪ ಹಾಕಲಿಕ್ಕೆ ಸರಿ, ಇದಕ್ಕೆ ಆಗದು. ಓಡುವ ವಸ್ತುವಿಗೆ ಬಡಿದು ಮರಳುವ ಅಲೆಯ ಆವರ್ತನ ವೇಗಕ್ಕೆ ತಕ್ಕಂತೆ ಬದಲಾಗುತ್ತದೆ, ಆ ವ್ಯತ್ಯಾಸವೇ ಡಾಪ್ಲರ್ ಸಿಗ್ನಲ್. ಅದನ್ನು ಹಾಗೇ ಹೊರಗೆ ಕೊಡುವ ಮಾಡ್ಯೂಲ್ ಬೇಕು: 10.525 ಗಿಗಾಹರ್ಟ್ಸಿನ ಎಚ್‌ಬಿ100 ಅಥವಾ 24.125 ಗಿಗಾಹರ್ಟ್ಸಿನ ಸಿಡಿಎಂ324.

ಆರ್ಡರ್ ಮಾಡುವ ಮೊದಲು ಒಂದು ಲೆಕ್ಕ ಹಾಕಿ. ಗಂಟೆಗೆ 1 ಕಿ.ಮೀ. ವೇಗಕ್ಕೆ ಎಚ್‌ಬಿ100 ಕೊಡುವುದು 19.5 ಹರ್ಟ್ಸ್, ಸಿಡಿಎಂ324 (ಇನ್ನು ಮುಂದೆ ಬರೀ '24') ಕೊಡುವುದು 44.7 ಹರ್ಟ್ಸ್. ಹವ್ಯಾಸಿ ಆಟಗಾರರ ಡ್ರೈವರ್ (ಎಲ್ಲಕ್ಕಿಂತ ದೂರ ಹೊಡೆಯುವ ಕೋಲು) ತಲೆ ಓಡುವುದು 150 ಕಿ.ಮೀ. ಆಸುಪಾಸು, ಪಿಜಿಎ ಟೂರಿನ ವೃತ್ತಿಪರರದ್ದು 185. ಅಂದರೆ 150ಕ್ಕೆ ಒಂದರಲ್ಲಿ ಸುಮಾರು 2,900 ಹರ್ಟ್ಸ್, ಇನ್ನೊಂದರಲ್ಲಿ 6,700. ಸಿಗ್ನಲನ್ನು ಓದುವ ಬೋರ್ಡು ಸೆಕೆಂಡಿಗೆ ಇದರ ದುಪ್ಪಟ್ಟಿಗಿಂತ ಜಾಸ್ತಿ ಸ್ಯಾಂಪಲ್ (ಅಂದರೆ ಒಂದೊಂದು ಕ್ಷಣದ ಅಳತೆ) ತೆಗೆಯಬೇಕು, ಇಲ್ಲದಿದ್ದರೆ ವೇಗ ತಪ್ಪಾಗಿ ಬರುತ್ತದೆ.

ನಾನು ಎಡವಿದ್ದು ಇಲ್ಲೇ. ಕೈಯಲ್ಲಿದ್ದ ಆರ್ಡುಯಿನೋ ಉನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡನ್ನು 24ಕ್ಕೆ ಸುಮ್ನೆ ಸಿಕ್ಕಿಸಿದೆ, ಅದು ಮಾಮೂಲಿ ಸೆಟ್ಟಿಂಗಿನಲ್ಲಿ ಸೆಕೆಂಡಿಗೆ ಸುಮಾರು 9,600 ಸ್ಯಾಂಪಲ್ ಮಾತ್ರ ತೆಗೆಯುತ್ತದೆ, ಹಾಗಾಗಿ 150 ಇರಬೇಕಾದಲ್ಲಿ 65 ಬಂತು, ಭಾವ ಎರಡು ದಿನ ಮಾತಾಡಲಿಲ್ಲ. ತಪ್ಪು ಬೋರ್ಡಿನದ್ದಲ್ಲ, ಲೆಕ್ಕ ಹಾಕದ ನನ್ನದು. ಎಚ್‌ಬಿ100 ಆದರೆ ಉನೋಗೂ ನಡೆಯುತ್ತಿತ್ತು.

ಆದರೂ ನನ್ನ ಓಟು 24ಕ್ಕೇ. ಲ್ಯಾಪ್‌ಟಾಪಿನ ಮೈಕ್ ಜ್ಯಾಕ್ ಸೆಕೆಂಡಿಗೆ 44,100 ಸ್ಯಾಂಪಲ್ ತೆಗೆಯುತ್ತದೆ, ಅದು ಧಾರಾಳ. ಕೋಲಿನ ತಲೆ ಜೋರಾಗಿ ಓಡುವುದು ಕಣ್ಣು ಮಿಟುಕಿಸುವಷ್ಟು ಹೊತ್ತೂ ಇಲ್ಲ. ಲೆಕ್ಕ ಮಾಡುವ ಸಾಫ್ಟ್‌ವೇರ್ ಒಂದಿಷ್ಟು ಸ್ಯಾಂಪಲ್ ಕೂಡಿಸಿ, ಯಾವ ಆವರ್ತನ ಎಷ್ಟು ಜೋರಾಗಿದೆ ಎಂಬ ಪಟ್ಟಿ ಮಾಡುತ್ತದೆ. 1,024 ಸ್ಯಾಂಪಲ್ ಕೂಡಿಸಿ ನೋಡುವಷ್ಟರಲ್ಲಿ ಕೋಲಿನ ತಲೆ ಹತ್ತಿರ ಹತ್ತಿರ ಒಂದು ಮೀಟರ್ ದಾಟಿರುತ್ತದೆ! ಅದಕ್ಕೇ 256 ಸಾಕು. ಆಗ 24ರದ್ದು 4 ಕಿ.ಮೀ. ವ್ಯತ್ಯಾಸವನ್ನು ಗುರುತಿಸುತ್ತದೆ, ಎಚ್‌ಬಿ100 ಸುಮಾರು 9 ಕಿ.ಮೀ. ಸಿಗ್ನಲ್ ತೀರಾ ಸಣ್ಣದು, ನಡುವೆ ಎಲ್‌ಎಂ358 ಎಂಬ ಆಂಪ್ಲಿಫೈಯರ್ ಚಿಪ್ ಹಾಕಿ ದೊಡ್ಡದು ಮಾಡಿಕೊಳ್ಳಿ.

ಇನ್ನು ಇಡುವ ಜಾಗ. ಚೆಂಡು ಹೋಗುವ ಗೆರೆಯಲ್ಲೇ, ಚೆಂಡಿನ ಹಿಂದೆ, ಕೋಲು ತಾಗದಷ್ಟು ದೂರದಲ್ಲಿ ನೆಲದ ಹತ್ತಿರ ಇಡಿ. 10 ಡಿಗ್ರಿ ಓರೆಯಾದರೆ ಒಂದೂವರೆ ಶೇಕಡಾ ಕಡಿಮೆ ತೋರಿಸುತ್ತದೆ, ಪರವಾಗಿಲ್ಲ. 30 ಡಿಗ್ರಿ ಆದರೆ 13 ಶೇಕಡಾ ಹೋಯಿತು. ಆವರ್ತನಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಜೋರಾಗಿ ಕಾಣುವುದನ್ನು ನಂಬಬೇಡಿ, ಅದು ಭಾವನ ಕೈ, ಹೊಟ್ಟೆ ಎಲ್ಲ. ಕೋಲಿನ ತಲೆಯ ವೇಗ ಇರುವುದು ಅತಿ ಹೆಚ್ಚು ಆವರ್ತನದ ಅಂಚಿನಲ್ಲಿ. ಚೆಂಡು ತಲೆಗಿಂತಲೂ ಜೋರಾಗಿ ಹೋಗುತ್ತದೆ, ಅಲ್ವಾ? ಗೊಂದಲ ಬೇಡದಿದ್ದರೆ ಮೊದಲು ಚೆಂಡಿಲ್ಲದೆ ಬೀಸಿಸಿ. ಫ್ಯಾನ್ ಆಫ್ ಮಾಡಿ, ಅದರ ರೆಕ್ಕೆಯೂ ರಾಡಾರಿಗೆ ಕಾಣುತ್ತದೆ.

ಸರಿ ಉಂಟಾ ಅಂತ ನೋಡಲು ಶಾಲೆಯ ಲ್ಯಾಬಿನ 512 ಹರ್ಟ್ಸಿನ ಶ್ರುತಿ ಕವೆಯನ್ನು ಬಡಿದು ಸೆನ್ಸರಿನೆದುರು ಹಿಡಿಯಿರಿ. 24ರದ್ದು 11.5 ಕಿ.ಮೀ. ಆಸುಪಾಸು ತೋರಿಸಬೇಕು. ನಮ್ಮದು ತೋರಿಸಿತು. ಆಮೇಲೆ ಭಾವನದ್ದು 128 ಬಂತು. ಸೆನ್ಸರ್ ಹಾಳಾಗಿದೆ ಅಂತ ಅವರ ವಾದ.